ಎರಡು ಕಛೇರಿಗಳ ನಡುವಿನ ಹದಿನೈದು ನಿಮಿಷ: ಊರಿನ ಸಂಗೀತೋತ್ಸವದಲ್ಲಿ ತೆರೆಮರೆಯ ಸ್ವಯಂಸೇವಕರಿಗೊಂದು ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಗೆ ಹೋಗುವ ಯಾವ ದಾರಿಯನ್ನು ಹಿಡಿದರೂ ನವರಾತ್ರಿಯ ದಿನಗಳಲ್ಲಿ ಒಂದಲ್ಲ ಒಂದು ದೇವಸ್ಥಾನದ ಅಂಗಳದಿಂದಲೋ ಭಜನಾ ಮಂದಿರದಿಂದಲೋ ತಂಬೂರಿಯ ಶ್ರುತಿ ಕೇಳಿಬರುತ್ತದೆ. ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆ ಮತ್ತು ಅದೇ ಮಾಸದ ಅಮಾವಾಸ್ಯೆಯಂದು ಬರುವ ಪುರಂದರದಾಸರ ಆರಾಧನೆಯ ಹೊತ್ತಿಗೆ ಇನ್ನೊಂದು ಸುತ್ತು ನಡೆಯುತ್ತದೆ. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರಂತಹ, ಸ್ವತಃ ಹಾಡಬಲ್ಲ ಪೋಷಕರಿದ್ದ ಸೀಮೆ ಇದು. ಆದರೆ ಬಹುಪಾಲು ಉತ್ಸವಗಳು ನಿಂತಿರುವುದು ಊರಿನ ಹತ್ತಿಪ್ಪತ್ತು ಮಂದಿ ಸಂಬಳವಿಲ್ಲದೆ ಮಾಡುವ ಕೆಲಸದ ಮೇಲೆ. ಅಂಥವರಲ್ಲಿ ಒಬ್ಬನಾಗಿ ಹಲವು ವರ್ಷ ಜಮಖಾನೆ ಹಾಸಿದ, ಮೈಕಿನ ವಯರು ಸುತ್ತಿದ ಅನುಭವದಿಂದ, ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆರಂಭದಲ್ಲಿಯೇ ನನ್ನ ಅಭಿಪ್ರಾಯವೊಂದನ್ನು ಹೇಳಿಬಿಡುತ್ತೇನೆ. ಸಂಗೀತ ಕಛೇರಿ ನಡೆಯುತ್ತಿರುವಾಗ ಸ್ವಯಂಸೇವಕನಿಗೆ ಹೆಚ್ಚು ಕೆಲಸವಿರುವುದಿಲ್ಲ. ಒಂದು ಕಛೇರಿಯ ಕೊನೆಗೆ ಹಾಡುವ ಮಂಗಳ ಮುಗಿದು ಮುಂದಿನ ಕಛೇರಿಯ ಮೊದಲಿಗೆ ಹಾಡುವ ವರ್ಣ ಆರಂಭವಾಗುವ ತನಕದ ಹದಿನೈದು ನಿಮಿಷಗಳಲ್ಲಿಯೇ ಉತ್ಸವ ಹದಗೆಡುವುದು ಅಥವಾ ಉಳಿಯುವುದು. ಒಂದು ತಿಂಗಳ ಮೊದಲಿನ ತಯಾರಿಯೆಲ್ಲ ಆ ಹದಿನೈದು ನಿಮಿಷಗಳಿಗಾಗಿಯೇ ಎಂದು ತಿಳಿದುಕೊಂಡರೆ ಯಾವ ಕೆಲಸ ಮುಖ್ಯ, ಯಾವುದು ಅಲಂಕಾರ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

1. ಕೆಲಸವನ್ನು ಆರಿಸಿಕೊಳ್ಳುವುದು

ಉತ್ಸವ ಸಮಿತಿಯ ಮೊದಲ ಸಭೆಗೇ ಹೋಗಿ, ದಿನಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ ಎಂಬುದನ್ನು ಖಚಿತವಾಗಿ ಹೇಳಬೇಕು. "ಏನಿದ್ದರೂ ಹೇಳಿ, ಮಾಡುತ್ತೇನೆ" ಎನ್ನುವವನಿಗಿಂತ "ಸಂಜೆ ನಾಲ್ಕರಿಂದ ಹತ್ತರವರೆಗೆ ವೇದಿಕೆಯ ಹಿಂದೆ ಇರುತ್ತೇನೆ, ಬೆಳಗ್ಗೆ ಬರಲಾರೆ" ಎನ್ನುವವನಿಂದ ಸಮಿತಿಗೆ ಹೆಚ್ಚು ಉಪಯೋಗ. ವೇದಿಕೆ, ಧ್ವನಿವರ್ಧಕ, ಕಲಾವಿದರ ಆತಿಥ್ಯ, ವಾಹನ, ಊಟೋಪಚಾರ, ಶುಚಿತ್ವ ಇವಿಷ್ಟು ಮುಖ್ಯ ವಿಭಾಗಗಳು. ಒಬ್ಬರು ಒಂದೇ ವಿಭಾಗದಲ್ಲಿರಬೇಕು. ಮೈಕಿನ ಉಸ್ತುವಾರಿಯವನನ್ನೇ ಅನ್ನ ಬಡಿಸಲು ಕರೆದೊಯ್ದರೆ ಅದೇ ಹೊತ್ತಿಗೆ ಮೈಕು ಕೂಗಲು ಆರಂಭಿಸುತ್ತದೆ.

ಸಂಗೀತ ಗೊತ್ತಿರಬೇಕೆಂದೇನೂ ಇಲ್ಲ. ನಮ್ಮಲ್ಲಿ ವೇದಿಕೆಯನ್ನು ಅತ್ಯಂತ ಚೆನ್ನಾಗಿ ನೋಡಿಕೊಂಡವರು ಅಡಿಕೆ ಕೃಷಿಕರೊಬ್ಬರು. ಅವರಿಗೆ ರಾಗಗಳ ಹೆಸರು ತಿಳಿಯದಿದ್ದರೂ ಗಡಿಯಾರ ಚೆನ್ನಾಗಿ ತಿಳಿದಿತ್ತು. ಕಛೇರಿಯನ್ನು ತಲ್ಲೀನನಾಗಿ ಕೇಳಬೇಕೆಂಬ ಆಸೆಯುಳ್ಳವರು ಹಿನ್ನೆಲೆಯ ಕೆಲಸಕ್ಕೆ ಒಪ್ಪಿಕೊಳ್ಳದೆ ಸಭಿಕರ ಸಾಲಿನಲ್ಲಿ ಕುಳಿತುಕೊಳ್ಳುವುದೇ ಪ್ರಾಮಾಣಿಕವಾದ ದಾರಿ.

2. ಅರ್ಜಿ, ಅನುಮತಿ ಮತ್ತು ನೋಟೀಸು

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆಂದು ವರ್ಷಕ್ಕೆ 15 ದಿನಗಳನ್ನು ಮೀರದಂತೆ ರಾತ್ರಿ 12ರ ತನಕ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆಯೇ ಹೊರತು ಉತ್ಸವ ಸಮಿತಿಗಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ಮೌನ ವಲಯವೆಂದು ಪರಿಗಣಿಸಲಾಗುತ್ತದೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದ್ದು 45. ಕಛೇರಿ ಸಂಗೀತಕ್ಕೆ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಗೋಪುರದಂತೆ ಪೇರಿಸುವ ಅಗತ್ಯವೇ ಇಲ್ಲವೆಂಬುದನ್ನು ಸಮಿತಿಯ ಉತ್ಸಾಹಿಗಳಿಗೆ ವಿವರಿಸಲು ಈ ಅಂಕಿಗಳು ನೆರವಾಗುತ್ತವೆ.

ಅನುಮತಿಯ ಅರ್ಜಿಯನ್ನು ಕನ್ನಡದಲ್ಲಿ ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೊಟ್ಟಿದೆ. ಆದರೂ ಮಲಯಾಳದ ಒಂದು ಪ್ರತಿಯನ್ನು ಜೊತೆಗೆ ಲಗತ್ತಿಸುವುದು ಜಾಣತನ. ಹಕ್ಕನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಅರ್ಜಿಯನ್ನು ಓದಬೇಕಾದ ಹೊಸ ಅಧಿಕಾರಿಯು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರಾಗಿದ್ದರೆ ಕೆಲಸ ಎರಡು ದಿನ ಬೇಗ ಮುಗಿಯುತ್ತದೆ, ಅಷ್ಟೆ. ಅನುಮತಿ ಪತ್ರದ ಒಂದು ನೆರಳಚ್ಚು ಪ್ರತಿಯು ಉತ್ಸವ ಮುಗಿಯುವ ತನಕ ಧ್ವನಿ ಹೊಂದಿಸುವ ಮಿಕ್ಸರಿನ ಮೇಜಿನಲ್ಲಿಯೇ ಇರಬೇಕು.

ಆಮಂತ್ರಣ ಪತ್ರಿಕೆಯ ಕರಡನ್ನು ಕಲಾವಿದರಿಗೆ ಕಳುಹಿಸಿ, ಹೆಸರಿನ ಅಕ್ಷರಗಳನ್ನು ಅವರಿಂದಲೇ ತಿದ್ದಿಸಿಕೊಳ್ಳಬೇಕು. ಮಲಯಾಳದ ಹೆಸರನ್ನು ಕನ್ನಡಕ್ಕೆ ತರುವಾಗಲೂ, ಕನ್ನಡದ ಹೆಸರನ್ನು ಮಲಯಾಳಕ್ಕೆ ಒಯ್ಯುವಾಗಲೂ ಆಗುವ ತಪ್ಪುಗಳು ಗಡಿನಾಡಿನವರಿಗೆ ಹೊಸತಲ್ಲ. ಆದರೆ ದೂರದಿಂದ ಬಂದ ವಿದ್ವಾಂಸರಿಗೆ ಅವು ನೋವುಂಟುಮಾಡುತ್ತವೆ.

3. ಪ್ರತಿ ಕಛೇರಿಗೊಂದು ಪುಟ

ಇನ್ನೂರು ಪುಟಗಳ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕೊಂಡು, ಪ್ರತಿ ಕಛೇರಿಗೆ ಒಂದು ಪುಟವನ್ನು ಮೀಸಲಿಡಿ. ಮೊಬೈಲಿನಲ್ಲಿ ಬರೆದಿಟ್ಟರೆ ಸಾಲದೇ ಎಂದು ಯುವಕರು ಕೇಳುತ್ತಾರೆ. ವೇದಿಕೆಯ ಹಿಂದಿನ ಕತ್ತಲಿನಲ್ಲಿ, ಕೈಯಲ್ಲಿ ಎರಡು ಮೈಕ್ ಸ್ಟ್ಯಾಂಡ್ ಹಿಡಿದುಕೊಂಡಿರುವಾಗ ಮೊಬೈಲಿನ ಬೀಗ ತೆಗೆಯಲು ಮೂರನೆಯ ಕೈ ಬೇಕಾಗುತ್ತದೆ. ನನ್ನ ಪುಸ್ತಕದ ಒಂದು ಪುಟ ಹೀಗಿರುತ್ತದೆ: "ಸಂಜೆ 5.00. ಹಾಡುಗಾರಿಕೆ, ಐದೂವರೆ ಮನೆ. ಪಿಟೀಲು. ಮೃದಂಗ: ಎಡಗೈ. ಖಂಜಿರ. ತಂಬೂರಿಗೆ ಶಿಷ್ಯೆ ಹಿಂದೆ ಕೂರುತ್ತಾರೆ. ಮೈಕ್ ಒಟ್ಟು ಆರು. ಬಿಸಿನೀರು, ಸಕ್ಕರೆಯಿಲ್ಲದ ಕಾಫಿ. ರಾತ್ರಿ ರೈಲು, ಮಂಗಳೂರು ಸೆಂಟ್ರಲ್."

ಈ ಪುಟದ ಒಂದೊಂದು ಮಾತಿಗೂ ಅರ್ಥವಿದೆ. ಮನೆ ಎಂದರೆ ಹಾಡುವವರ ಶ್ರುತಿಯ ಎತ್ತರ. ಅದು ಮೊದಲೇ ತಿಳಿದಿದ್ದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಅದೇ ಮನೆಗೆ ಹೊಂದಿಸಿ ಇಡಬಹುದು, ಮೃದಂಗದವರಿಗೂ ತಿಳಿಸಬಹುದು. ಗಂಡಸರ ಹಾಡುಗಾರಿಕೆ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಮನೆಯ ಆಸುಪಾಸಿನಲ್ಲಿದ್ದರೆ ಹೆಂಗಸರದ್ದು ಐದು, ಐದೂವರೆಯ ಆಸುಪಾಸಿನಲ್ಲಿರುತ್ತದೆ. ಎರಡಕ್ಕೂ ಒಂದೇ ಮೃದಂಗ ಹೊಂದುವುದಿಲ್ಲ. ಅಂದಿನ ಎರಡು ಕಛೇರಿಗಳಿಗೆ ಒಬ್ಬರೇ ಮೃದಂಗ ವಿದ್ವಾಂಸರು ನುಡಿಸುವುದಿದ್ದರೆ ಅವರು ಎರಡು ವಾದ್ಯಗಳನ್ನು ಹೊತ್ತುಕೊಂಡು ಬರಬೇಕು, ಅವರಿಗಾಗಿ ಬಸ್ಸಿನ ಬದಲು ಕಾರನ್ನೇ ಕಳುಹಿಸಬೇಕು.

"ಎಡಗೈ" ಎಂಬ ಟಿಪ್ಪಣಿಯನ್ನು ಬಹಳ ಮಂದಿ ಮರೆಯುತ್ತಾರೆ. ಮೃದಂಗದ ನಾದವುಳ್ಳ ಮುಚ್ಚಿಗೆ (ಚರ್ಮ ಬಿಗಿದ ಮುಖ) ಸಭೆಯ ಕಡೆಗೆ ಇರುವಂತೆ ವಾದಕರು ಕುಳಿತುಕೊಳ್ಳುವುದರಿಂದ, ಎಡಗೈಯವರಾದರೆ ಪಿಟೀಲು ಮತ್ತು ಮೃದಂಗದ ಸ್ಥಾನಗಳು ಅದಲುಬದಲಾಗುತ್ತವೆ. ಇದು ವೇದಿಕೆಗೆ ಹತ್ತಿದ ಮೇಲೆ ಗೊತ್ತಾದರೆ ಸ್ಟ್ಯಾಂಡು, ವಯರು, ಮಾನಿಟರ್ (ಕಲಾವಿದರಿಗೆ ತಮ್ಮ ಧ್ವನಿ ಕೇಳಿಸುವ ಸ್ಪೀಕರು) ಎಲ್ಲವನ್ನೂ ಸಭೆಯ ಕಣ್ಣೆದುರಿಗೇ ಎಳೆದಾಡಬೇಕಾಗುತ್ತದೆ. ಒಂದು ವರ್ಷ ನಾನು ಇದನ್ನು ಕೇಳದೆ ಬಿಟ್ಟು ಪಟ್ಟ ಪಾಡು ಸಾಕು.

4. ವೇದಿಕೆ

ಐದು ಮಂದಿಯ ಕಛೇರಿಗೆ ಹನ್ನೆರಡು ಅಡಿ ಅಗಲ, ಎಂಟು ಅಡಿ ಆಳದ ಜಾಗ ಸಾಕು. ಹಲಗೆಗಳು ಅಲುಗಬಾರದು, ತಾಳ ಹಾಕುವಾಗ ಕಿರುಗುಟ್ಟುವ ಹಲಗೆಯ ಸದ್ದು ನೇರವಾಗಿ ಮೈಕಿಗೆ ಹೋಗುತ್ತದೆ. ಹಲಗೆಗಳ ಮೇಲೆ ಬರಿಗಾಲಿನಲ್ಲಿ ಒಮ್ಮೆ ಪೂರ್ತಿ ನಡೆದು, ತಲೆಯೆತ್ತಿದ ಮೊಳೆಗಳನ್ನು ಹೊಡೆದು ಕೂರಿಸಿದ ಬಳಿಕವೇ ಜಮಖಾನೆಯನ್ನು ಹಾಸಬೇಕು.

ಕಾಲುದೀಪವನ್ನು ವೇದಿಕೆಯ ಒಂದು ಮೂಲೆಯಲ್ಲಿ, ಹಿಂಬದಿಯ ಬಟ್ಟೆಯಿಂದ ಕನಿಷ್ಠ ಮೂರು ಅಡಿ ದೂರದಲ್ಲಿ ಇಡುವುದು ಒಳ್ಳೆಯದು. ಫ್ಯಾನಿನ ಗಾಳಿ ದೀಪಕ್ಕೂ ತಾಗಬಾರದು, ಮೈಕಿಗೂ ತಾಗಬಾರದು, ಪಿಟೀಲಿನ ತಂತಿಗೂ ತಾಗಬಾರದು. ಹಾಗಿದ್ದರೆ ಫ್ಯಾನ್ ಎಲ್ಲಿರಬೇಕು? ಕಲಾವಿದರ ಹಿಂಬದಿಯ ಓರೆಯಲ್ಲಿ, ಕಡಿಮೆ ವೇಗದಲ್ಲಿ. ಕಾಸರಗೋಡಿನ ಸೆಕೆಗೆ ಇದು ಏನೇನೂ ಸಾಲದು ಎಂಬುದು ನಿಜ. ಆದ್ದರಿಂದಲೇ ಪ್ರತಿಯೊಬ್ಬ ಕಲಾವಿದರ ಪಕ್ಕದಲ್ಲಿ ಒಂದು ಒಗೆದ ಬೈರಾಸು (ಟವೆಲು) ಇರಬೇಕು.

ಬೆಳಕಿನ ವಿಷಯದಲ್ಲಿ ನಮ್ಮೂರಿಗೇ ವಿಶೇಷವಾದ ತೊಂದರೆಯೊಂದಿದೆ. ಸುತ್ತಲೂ ಅಡಿಕೆ ತೋಟ, ಗದ್ದೆಗಳಿರುವ ಜಾಗದಲ್ಲಿ ಮಳೆ ಬಿಟ್ಟ ಸಂಜೆ ಬಿಳಿಯ ಬಲ್ಬನ್ನು ಗಾಯಕರ ತಲೆಯ ಮೇಲೆ ಉರಿಸಿದರೆ ಹಾತೆಗಳು ಹಿಂಡುಹಿಂಡಾಗಿ ಬಂದು ಬೀಳುತ್ತವೆ. ವೇದಿಕೆಯ ಮೇಲೆ ಹಳದಿ ಬೆಳಕನ್ನು ಮಿತವಾಗಿ ಬಳಸಿ, ಪ್ರಖರವಾದ ಬಿಳಿಯ ದೀಪವೊಂದನ್ನು ಐವತ್ತು ಅಡಿ ಆಚೆ ಅಂಗಳದ ಅಂಚಿನಲ್ಲಿ ಉರಿಸಿದರೆ ಬಹುಪಾಲು ಹಾತೆಗಳು ಅತ್ತ ಹೋಗುತ್ತವೆ. ಆಲಾಪನೆಗೆ ಬಾಯಿ ತೆರೆದವರ ಕಷ್ಟವನ್ನು ಕಣ್ಣಾರೆ ನೋಡಿದ ಮೇಲೆ ನಾವು ಈ ಉಪಾಯಕ್ಕೆ ಬಂದೆವು.

5. ಧ್ವನಿ

ಧ್ವನಿವರ್ಧಕದ ಅಂಗಡಿಯವರು ತಮ್ಮ ಕೆಲಸವನ್ನು ಬಲ್ಲವರಾದರೂ, ಅವರಲ್ಲಿ ಹೆಚ್ಚಿನವರಿಗೆ ರೂಢಿಯಿರುವುದು ಭಾಷಣ, ಮದುವೆ ಮತ್ತು ಯಕ್ಷಗಾನದ ಧ್ವನಿ. ಕಛೇರಿಗೆ ಬೇಕಾದುದು ಬೇರೆಯೇ ಹದ ಎಂಬುದನ್ನು ಅವರಿಗೆ ಗೌರವದಿಂದ ಮೊದಲೇ ತಿಳಿಸಬೇಕು. ಗಾಯನಕ್ಕೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎರಡು ಮುಚ್ಚಿಗೆಗಳಿಗೆ ಎರಡು, ಖಂಜಿರ, ಘಟದಂತಹ ಉಪಪಕ್ಕವಾದ್ಯಕ್ಕೆ ಒಂದು, ತಂಬೂರಿಗೆ ಒಂದು ಎಂದರೆ ಆರು ಮೈಕುಗಳಾದುವು. ನಿರೂಪಣೆಯ ಮೈಕು ಇದರಿಂದ ಪ್ರತ್ಯೇಕವಾಗಿರಬೇಕು. ಕಲಾವಿದರ ಎದುರಿಗೆ ಕನಿಷ್ಠ ಎರಡು ಮಾನಿಟರುಗಳು ಬೇಕು. ಶ್ರುತಿ ತಮಗೇ ಕೇಳಿಸದ ಗಾಯಕರಿಂದ ಒಳ್ಳೆಯ ಸಂಗೀತವನ್ನು ನಿರೀಕ್ಷಿಸುವುದು ಅನ್ಯಾಯ.

ವಿದ್ಯುತ್ತಿನ ವಯರು ಮತ್ತು ಮೈಕಿನ ವಯರುಗಳನ್ನು ಒಂದೇ ಕಟ್ಟಿನಲ್ಲಿ ಬಿಗಿಯಬಾರದು. ದಾಟಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಿಸಿದರೆ "ಗುಂಯ್" ಎಂಬ ಸದ್ದು ಕಡಿಮೆಯಾಗುತ್ತದೆ. ಸುರುಳಿಯಲ್ಲಿರುವ ಉದ್ದನೆಯ ವಯರನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು, ಏಕೆಂದರೆ ಸುತ್ತಿಕೊಂಡ ವಯರು ಹೆಚ್ಚು ಭಾರ ಬಿದ್ದಾಗ ಬಿಸಿಯೇರಿ ಕರಗುತ್ತದೆ. ಮೈಕು ಶಿಳ್ಳೆ ಹೊಡೆಯಲು ತೊಡಗಿದಾಗ ಅದರ ತಲೆಯನ್ನು ಕೈಯಿಂದ ಮುಚ್ಚುವ ಅಭ್ಯಾಸ ಎಲ್ಲೆಡೆ ಇದೆ. ಅದರಿಂದ ಶಿಳ್ಳೆ ಇನ್ನಷ್ಟು ಹೆಚ್ಚುತ್ತದೆ. ಮೈಕನ್ನು ಸ್ಪೀಕರಿನ ದಿಕ್ಕಿನಿಂದ ತಿರುಗಿಸಬೇಕು ಅಥವಾ ಮಿಕ್ಸರಿನಲ್ಲಿ ಆ ಚಾನೆಲನ್ನು ತಗ್ಗಿಸಬೇಕು.

ಶ್ರುತಿಯ ಬಗೆಗೆ ನನ್ನದೇ ಪ್ರಮಾದವೊಂದನ್ನು ಹೇಳುತ್ತೇನೆ. ಶ್ರುತಿಪೆಟ್ಟಿಗೆ ಕೈಕೊಟ್ಟ ಸಂಜೆಯೊಂದರಲ್ಲಿ ನನ್ನ ಮೊಬೈಲಿನ ತಂಬೂರಿ ಆ್ಯಪನ್ನು ಹಾಕಿ ಮೈಕಿನ ಮುಂದೆ ಇಟ್ಟೆ. ರಾಗಾಲಾಪನೆ ಮಂದ್ರದಲ್ಲಿ ನಿಧಾನವಾಗಿ ಬೆಳೆಯುತ್ತಿದ್ದ ಹೊತ್ತಿಗೆ ಅಡಿಗೆಮನೆಯಿಂದ "ಪಾಯಸಕ್ಕೆ ಎಷ್ಟು ಬೆಲ್ಲ" ಎಂದು ಕೇಳಲು ಯಾರೋ ಕರೆ ಮಾಡಿದರು. ಶ್ರುತಿ ನಿಂತುಹೋಗಿ, ರಿಂಗ್‌ಟೋನು ಸ್ಪೀಕರುಗಳಲ್ಲಿ ಮೊಳಗಿತು. ಗಾಯಕರು ನಕ್ಕು ಮುಂದುವರಿಸಿದ್ದು ಅವರ ದೊಡ್ಡತನ. ಅಂದಿನಿಂದ ನಮ್ಮಲ್ಲಿ ಸಿಮ್ ಇಲ್ಲದ ಹಳೆಯ ಮೊಬೈಲೊಂದು, ಏರ್‌ಪ್ಲೇನ್ ಮೋಡಿನಲ್ಲಿ, ಪೂರ್ತಿ ಚಾರ್ಜಾಗಿ, ಶ್ರುತಿಗೆಂದೇ ಪೆಟ್ಟಿಗೆಯಲ್ಲಿರುತ್ತದೆ.

6. ಆ ಹದಿನೈದು ನಿಮಿಷ

ಮೊದಲ ಕಛೇರಿಯ ತನಿ ಆವರ್ತನ (ತಾಳವಾದ್ಯಗಳದ್ದೇ ಪ್ರತ್ಯೇಕ ವಾದನ) ಆರಂಭವಾಗುವುದೇ ನಿಮಗೆ ಸೂಚನೆ. ಅದು ಮುಗಿದ ಮೇಲೆ ದೇವರನಾಮ, ತಿಲ್ಲಾನ, ಮಂಗಳ ಎಂದು ಇನ್ನು ಸ್ವಲ್ಪವೇ ಹೊತ್ತು ಉಳಿದಿರುತ್ತದೆ. ಮುಂದಿನ ಕಛೇರಿಯ ಕಲಾವಿದರು ಆಗಲೇ ವೇದಿಕೆಯ ಹಿಂದಿನ ಕೋಣೆಯಲ್ಲಿ ಇರಬೇಕು. ಇಲ್ಲದಿದ್ದರೆ ಆತಿಥ್ಯ ವಿಭಾಗದವರನ್ನು ಅದೇ ಕ್ಷಣ ಓಡಿಸಬೇಕು. ಮೃದಂಗದವರು ಎಡ ಮುಚ್ಚಿಗೆಗೆ ರವೆಯನ್ನು ಹಚ್ಚಿ, ಕಲ್ಲು ಮತ್ತು ಮರದ ಗೂಟದಿಂದ ಬಡಿದು ಶ್ರುತಿ ಸೇರಿಸುವ ಸದ್ದು ಸಭೆಗೆ ಕೇಳಿಸದಷ್ಟು ದೂರದಲ್ಲಿ ಅವರಿಗೆ ಜಾಗ ಮಾಡಿಕೊಡಬೇಕು. "ಒಂದು ಹಿಡಿ ರವೆ ಸಿಕ್ಕೀತೋ ಭಾವಾ?" ಎಂದು ಅವರು ಕೇಳುವ ಮೊದಲೇ ಸಣ್ಣ ರವೆಯ ಡಬ್ಬಿ ಮತ್ತು ಒಂದು ಲೋಟ ನೀರು ಅಲ್ಲಿದ್ದರೆ, ಅನುಭವಸ್ಥರ ಊರಿಗೆ ಬಂದಿದ್ದೇವೆಂದು ಅವರಿಗೆ ಅನಿಸುತ್ತದೆ.

ಮಂಗಳ ಮುಗಿಯಿತು. ಮೊದಲ ಎರಡು ನಿಮಿಷ ಚಪ್ಪಾಳೆಗೆ, ಶಾಲು ಮತ್ತು ಸ್ಮರಣಿಕೆಗೆ ಮೀಸಲು. ಇಲ್ಲಿಯೇ ಹೆಚ್ಚಿನ ಉತ್ಸವಗಳು ಜಾರುವುದು: ಎರಡು ನಿಮಿಷದ ಗೌರವಾರ್ಪಣೆ ಇಪ್ಪತ್ತು ನಿಮಿಷದ ಭಾಷಣವಾಗುತ್ತದೆ. ಗೌರವಿಸುವವರು ಯಾರು, ಎಷ್ಟು ಮಂದಿ, ಯಾರು ಮಾತಾಡುವುದಿಲ್ಲ ಎಂಬುದನ್ನು ಹಿಂದಿನ ದಿನವೇ ನಿರೂಪಕರೊಂದಿಗೆ ಕುಳಿತು ಬರೆದಿಟ್ಟುಕೊಳ್ಳದೆ ಇದಕ್ಕೆ ಪರಿಹಾರವಿಲ್ಲ.

ಮೂರನೆಯ ನಿಮಿಷದಲ್ಲಿ ಮಿಕ್ಸರಿನವರು ಎಲ್ಲ ಚಾನೆಲುಗಳನ್ನು ಮ್ಯೂಟ್ ಮಾಡಿ ಕೈ ಎತ್ತಿ ತೋರಿಸಬೇಕು. ಆ ಕೈಯನ್ನು ಕಾಣುವ ತನಕ ವೇದಿಕೆಯ ಮೇಲಿನ ಯಾರೂ ಯಾವ ವಯರನ್ನೂ ಕೀಳಬಾರದು. ಮ್ಯೂಟ್ ಮಾಡದೆ ಕಿತ್ತ ಮೈಕಿನ "ಢಬ್" ಎಂಬ ಸದ್ದಿಗೆ ಮುಂದಿನ ಸಾಲಿನ ಹಿರಿಯರು ಬೆಚ್ಚಿಬೀಳುತ್ತಾರೆ, ಸ್ಪೀಕರಿಗೂ ಹಾನಿ. ನಿರ್ಗಮಿಸುವ ಕಲಾವಿದರ ವಾದ್ಯಗಳನ್ನು ಸ್ವಯಂಸೇವಕರು ತಾವಾಗಿ ಎತ್ತಬಾರದು. ಪಿಟೀಲು, ಘಟಗಳನ್ನು ಅವರೇ ಎತ್ತಿಕೊಳ್ಳುತ್ತಾರೆ. ನೀವು ಪೆಟ್ಟಿಗೆ, ಚೀಲ, ನೀರಿನ ಬಾಟಲಿಗಳನ್ನು ಹಿಡಿದುಕೊಂಡರೆ ಸಾಕು.

ಐದರಿಂದ ಎಂಟನೆಯ ನಿಮಿಷದೊಳಗೆ ಜಮಖಾನೆಯನ್ನು ಒಮ್ಮೆ ಗುಡಿಸಿ, ಒದ್ದೆಯಾದ ಜಾಗವನ್ನು ಒರಸಿ, ಪುಸ್ತಕದ ಪುಟವನ್ನು ನೋಡಿ ಮುಂದಿನ ಕಛೇರಿಯ ಸ್ಥಾನಗಳಲ್ಲಿ ಮೈಕುಗಳನ್ನು ನಿಲ್ಲಿಸಬೇಕು. ಖಂಜಿರದವರಿದ್ದರೆ ಚರ್ಮಕ್ಕೆ ಸವರುವ ನೀರಿಗಾಗಿ ಸಣ್ಣ ಬಟ್ಟಲೊಂದು ಬೇಕು, ಅದು ಯಾವ ವಯರಿನ ಸಂಧಿಯ ಹತ್ತಿರವೂ ಇರಬಾರದು. ಎಂಟರಿಂದ ಹದಿಮೂರನೆಯ ನಿಮಿಷದವರೆಗೆ ಕಲಾವಿದರು ಕುಳಿತು ಶ್ರುತಿ ಸೇರಿಸಿಕೊಳ್ಳುತ್ತಾರೆ ಮತ್ತು ಮೈಕಿನ ಪರೀಕ್ಷೆ ನಡೆಯುತ್ತದೆ: ಮೊದಲು ಮೃದಂಗ, ಆಮೇಲೆ ಪಿಟೀಲು, ಆಮೇಲೆ ಹಾಡುಗಾರಿಕೆ, ಕೊನೆಗೆ ಎಲ್ಲವೂ ಒಟ್ಟಿಗೆ. ಈ ಹೊತ್ತಿನಲ್ಲಿ ನಿರೂಪಕರು ದಾನಿಗಳ ಹೆಸರನ್ನು ಓದಬಾರದು. ಶ್ರುತಿ ಸೇರಿಸುತ್ತಿರುವವರ ಕಿವಿಯ ಬಳಿ "ಕೆಎಲ್ 14 ನೋಂದಣಿಯ ಬಿಳಿ ಕಾರನ್ನು ದಾರಿಯಿಂದ ತೆಗೆಯಬೇಕಾಗಿ ವಿನಂತಿ" ಎಂದು ಕೂಗಿಸುವಷ್ಟು ನಿರ್ದಯತೆ ಬೇರೊಂದಿಲ್ಲ. ಕಾಸರಗೋಡಿನಲ್ಲಿ ಯಾರ ಕಾರು ತಾನೇ ಕೆಎಲ್ 14 ಅಲ್ಲ! ಪ್ರಕಟಣೆಗಳನ್ನೆಲ್ಲ ನಾಲ್ಕನೆಯ ನಿಮಿಷದಿಂದ ಎಂಟನೆಯ ನಿಮಿಷದೊಳಗೆ, ವೇದಿಕೆ ಖಾಲಿಯಾಗಿರುವಾಗ ಮುಗಿಸಬೇಕು.

ಕೊನೆಯ ಎರಡು ನಿಮಿಷ ಪರಿಚಯಕ್ಕೆ. ಆಗ ನೀವು ವೇದಿಕೆಯಿಂದ ಇಳಿದು, ಹಾಡುವವರ ಕಣ್ಣಿಗೆ ಕಾಣಿಸುವ ಒಂದು ಬದಿಯಲ್ಲಿ ನಿಲ್ಲಿರಿ. ಮಾನಿಟರ್ ಏರಿಸಬೇಕೆಂದು ಅವರು ಬೆರಳೆತ್ತಿದರೆ ನೋಡಲು ಒಬ್ಬರಾದರೂ ಇರಬೇಕು.

7. ಮಕ್ಕಳ ತಂಡಗಳು ಮತ್ತು ಗೋಷ್ಠಿ ಗಾಯನ

ಬೆಳಗಿನ ಹೊತ್ತು ಸಂಗೀತ ಶಾಲೆಗಳ ಮಕ್ಕಳು ಹಾಡುತ್ತಾರೆ. ತಂಡವನ್ನು ಎರಡು ಸಾಲಾಗಿ ಮೊದಲೇ ಕೂರಿಸಿ, ಚಪ್ಪಲಿಗಳಿಗೆ ಒಂದು ಗೋಣಿಚೀಲ ಇಟ್ಟು, ಫೋಟೋ ತೆಗೆಯುವ ಹೆತ್ತವರಿಗೆ ವೇದಿಕೆಯ ಎಡಬದಿಯಲ್ಲಿ ಹಗ್ಗ ಕಟ್ಟಿದ ಜಾಗ ಕೊಟ್ಟರೆ ಅರ್ಧ ಗಲಾಟೆ ಕಡಿಮೆಯಾಗುತ್ತದೆ. ತ್ಯಾಗರಾಜರ ಆರಾಧನೆಯ ದಿನ ಅವರ ಪಂಚರತ್ನ ಕೃತಿಗಳ ಗೋಷ್ಠಿ ಗಾಯನವಿದ್ದರೆ ಸಾಹಿತ್ಯದ ಪ್ರತಿಗಳನ್ನು ಹಂಚಬೇಕು. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಈ ಐದರಲ್ಲಿ ಮೊದಲನೆಯದು ಸಂಸ್ಕೃತದ್ದು, ಉಳಿದ ನಾಲ್ಕು ತೆಲುಗಿನವು. ಹಾಡುವವರಲ್ಲಿ ಕೆಲವರು ಕನ್ನಡ ಲಿಪಿಯನ್ನೂ ಕೆಲವರು ಮಲಯಾಳ ಲಿಪಿಯನ್ನೂ ಓದುವವರು. ಎರಡೂ ಲಿಪಿಗಳಲ್ಲಿ, ದೊಡ್ಡ ಅಕ್ಷರಗಳಲ್ಲಿ ಪ್ರತಿ ತೆಗೆಸುವುದು ನಮ್ಮ ಕಡೆಯ ಅನಿವಾರ್ಯತೆ.

8. ಕರೆಂಟು ಮತ್ತು ಗುಡುಗು

ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಗುಡುಗು ಮಳೆ ಬರುವುದು ಇಲ್ಲಿ ವಾಡಿಕೆ, ತಡವಾಗಿ ಬರುವ ನವರಾತ್ರಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಜನರೇಟರನ್ನು ವೇದಿಕೆಯಿಂದ ದೂರ, ಗಾಳಿ ಸಭೆಯ ಕಡೆಗೆ ಬೀಸದ ದಿಕ್ಕಿನಲ್ಲಿ, ಮೇಲೆ ಸೂರು ಇದ್ದು ನಾಲ್ಕೂ ಬದಿ ತೆರೆದಿರುವ ಜಾಗದಲ್ಲಿ ಇಡಬೇಕು. ಓಡುತ್ತಿರುವಾಗ ಇಂಧನ ತುಂಬಿಸಬಾರದು. ಡಿಜಿಟಲ್ ಮಿಕ್ಸರಿಗೆ ಸಣ್ಣದೊಂದು ಯುಪಿಎಸ್ ಜೋಡಿಸಿದರೆ ಕರೆಂಟು ಹೋಗಿ ಬರುವಷ್ಟರಲ್ಲಿ ಅದು ಮೊದಲಿನಿಂದ ಆರಂಭವಾಗುವ ತಾಪತ್ರಯ ತಪ್ಪುತ್ತದೆ. ಗುಡುಗು ಹತ್ತಿರ ಬಂದಾಗ ಮಾತ್ರ ಯಾವ ಮುಲಾಜೂ ಇಲ್ಲದೆ ಕಛೇರಿಯನ್ನು ನಿಲ್ಲಿಸಿ, ಪ್ಲಗ್ಗುಗಳನ್ನು ಕಿತ್ತು, ಬಯಲಿನ ಶಾಮಿಯಾನದಡಿ ಇರುವವರನ್ನು ಪಕ್ಕಾ ಕಟ್ಟಡದೊಳಗೆ ಕಳುಹಿಸಬೇಕು. ಈ ನಿರ್ಧಾರವನ್ನು ಯಾರು ಕೈಗೊಳ್ಳುತ್ತಾರೆಂಬುದು ಮೊದಲೇ ಗೊತ್ತಿರಲಿ. ಮಳೆ ಬಂದ ಮೇಲೆ ಸಭೆ ಸೇರಲಾಗದು.

9. ಊಟ ಮತ್ತು ವಿಶ್ರಾಂತಿ

ಹಾಡುವವರಲ್ಲಿ ಹೆಚ್ಚಿನವರು ಕಛೇರಿಗೆ ಮೊದಲು ಹೊಟ್ಟೆ ತುಂಬ ಉಣ್ಣುವುದಿಲ್ಲ. ಎಷ್ಟೇ ಪ್ರೀತಿಯಿದ್ದರೂ ಗೋಳಿಬಜೆಯ ತಟ್ಟೆಯನ್ನು ಮುಂದೊಡ್ಡಿ ಒತ್ತಾಯಿಸಬೇಡಿ. ಫ್ಲಾಸ್ಕಿನಲ್ಲಿ ಬಿಸಿನೀರು, ಕೋಣೆಯಲ್ಲೊಂದು ಕನ್ನಡಿ, ಚಿಲಕವಿರುವ ಬಾಗಿಲು, ಶುಚಿಯಾದ ಶೌಚಾಲಯ ಇವು ಮೊದಲು. ರಾತ್ರಿ ರೈಲಿಗೆ ಹೊರಡುವವರಿಗೆ ಊಟವನ್ನು ಕಟ್ಟಿಕೊಡಬೇಕು. ರೈಲು ಯಾವ ನಿಲ್ದಾಣದಲ್ಲಿ ನಿಲ್ಲುತ್ತದೆಂಬುದನ್ನು ಟಿಕೇಟಿನಲ್ಲಿಯೇ ನೋಡಿಕೊಳ್ಳಿ. ದೂರದ ರೈಲುಗಳೆಲ್ಲ ಕುಂಬಳೆ, ಮಂಜೇಶ್ವರಗಳಲ್ಲಿ ನಿಲ್ಲುವುದಿಲ್ಲ. ಸಭೆಗೆ ಬಾಳೆ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ, ಸ್ಟೀಲಿನ ಲೋಟಗಳು. ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ಕಿಗೆ 2020ರ ಜನವರಿಯಿಂದಲೇ ಕೇರಳದಲ್ಲಿ ನಿಷೇಧವಿದೆ. ಉಳಿದ ಕಸವನ್ನು ಪಂಚಾಯತಿನ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರಿಗೆ ಒಪ್ಪಿಸುವಂತೆ ಬೇರ್ಪಡಿಸಿಡಬೇಕು.

10. ಮುಗಿದ ಮೇಲೆ

ಸಂಭಾವನೆಯ ಲಕೋಟೆಗಳನ್ನು ಕಲಾವಿದರು ಕಾರು ಹತ್ತುವ ಮೊದಲೇ ಖಜಾಂಚಿಯವರ ಕೈಯಿಂದ, ಅವರವರ ಹೆಸರು ಬರೆದು, ಪಕ್ಕವಾದ್ಯದವರಿಗೆ ಪ್ರತ್ಯೇಕವಾಗಿಯೇ ಕೊಡಿಸಬೇಕು. ಬಾಡಿಗೆಗೆ ತಂದ ಮೈಕು, ಸ್ಟ್ಯಾಂಡುಗಳನ್ನು ಎಣಿಸಿ ಸಹಿ ಹಾಕಿಸಿಕೊಳ್ಳಿ. ವಯರನ್ನು ಮೊಣಕೈಗೆ ಬಿಗಿಯಾಗಿ ಸುತ್ತದೆ ದೊಡ್ಡ ಸುರುಳಿಯಾಗಿ ಮಡಚಿಡಿ.

ಎಷ್ಟೇ ರಾತ್ರಿಯಾದರೂ ಜಮಖಾನೆಯನ್ನು ಹಾಗೆಯೇ ಬಿಟ್ಟು ಹೋಗಬಾರದು. ಮೃದಂಗದವರು ಕುಳಿತಿದ್ದ ಕಡೆ ಒಣಗಿದ ರವೆಯ ಚೂರುಗಳು ಬಿದ್ದಿರುತ್ತವೆ. ಅವನ್ನು ಬೆರಳಿನಿಂದ ಕೆರೆದು, ಜಮಖಾನೆಯನ್ನು ಅಂಗಳದಲ್ಲಿ ಇಬ್ಬರು ಹಿಡಿದು ಕೊಡವಿ, ಮಡಚಿ, ನೆಲದಿಂದ ಮೇಲಿರುವ ಬೆಂಚಿನಲ್ಲಿಡಬೇಕು. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಿರುವೆಗಳು ಸಾಲುಗಟ್ಟಿರುತ್ತವೆ, ಮರುದಿನ ಏಳು ಗಂಟೆಗೆ ಅದರ ಮೇಲೆ ಕುಳಿತುಕೊಳ್ಳುವವರು ಆರು ವರ್ಷದ ಮಕ್ಕಳು.